ಇಮಾಮರ ಸಂಬಳ ಯಾರ ಕೈಯಿಂದ?

ಟರ್ಕಿಯಲ್ಲಿ 2016ರ ಜುಲೈ 15ರ ರಾತ್ರಿ ಸೇನೆಯ ಒಂದು ಬಣ ದಂಗೆ ಎದ್ದಿತು. ಕೆಲವೇ ಗಂಟೆಗಳಲ್ಲಿ ಊರೂರಿನ ಮಿನಾರುಗಳಿಂದ ‘ಸಲಾ’ ಮೊಳಗತೊಡಗಿತು. ಪ್ರವಾದಿಯವರನ್ನು ನೆನೆಯುವ ಈ ಪ್ರಾರ್ಥನೆ ಅಲ್ಲಿ ಸಾಮಾನ್ಯವಾಗಿ ಕೇಳುವುದು ಶುಕ್ರವಾರದ ನಮಾಜಿಗೆ ಮುಂಚೆ, ಇಲ್ಲವೇ ಯಾರಾದರೂ ತೀರಿಕೊಂಡಾಗ. ಅಂದು ಅದು ಜನರನ್ನು ದಂಗೆಯ ವಿರುದ್ಧ ಬೀದಿಗೆ ಕರೆಯಿತು. ಕೂಗಿದವರು ಸರ್ಕಾರದ ಸಂಬಳ ಪಡೆಯುವ ಇಮಾಮರು, ಮುಅಜ್ಜಿನರು. ಆದೇಶ ಬಂದದ್ದು ದಿಯಾನೆತ್ ಎಂಬ ಸರ್ಕಾರಿ ಧಾರ್ಮಿಕ ಇಲಾಖೆಯಿಂದ.

ದಂಗೆ ಸೋತದ್ದು ಒಳ್ಳೆಯದಾಯಿತು. ಚುನಾಯಿತ ಸರ್ಕಾರವನ್ನು ಟ್ಯಾಂಕುಗಳು ಕೆಳಗಿಳಿಸಬಾರದು. ಆದರೆ ಮೌಲ್ವಿಗಳಿಗೆ ಸರ್ಕಾರವೇ ಸಂಬಳ ಕೊಟ್ಟರೆ ಅವರು ರಾಜಕೀಯದಿಂದ ದೂರ ಉಳಿಯುತ್ತಾರೆ ಎಂದು ನಂಬಿದವರು ಆ ರಾತ್ರಿಯನ್ನು ಗಮನವಿಟ್ಟು ನೋಡಬೇಕು. 1924ರ ಮಾರ್ಚ್ 3ರಂದು, ಖಲೀಫಾ ಪದವಿ ರದ್ದಾದ ದಿನವೇ, ದಿಯಾನೆತ್ ಹುಟ್ಟಿತು. ಅದು ಎಲ್ಲ ರಾಜಕೀಯ ಅಭಿಪ್ರಾಯಗಳಿಂದ ಹೊರಗಿರಬೇಕೆಂದು ಈಗಿನ ಸಂವಿಧಾನದ 136ನೇ ವಿಧಿ ಹೇಳುತ್ತದೆ. ಇಮಾಮರು ಪಕ್ಷ ಸೇರುವಂತಿಲ್ಲ, ಪ್ರಚಾರ ಮಾಡುವಂತಿಲ್ಲ.

ನಡೆದದ್ದೇನು? 1932ರಲ್ಲಿ ಆಳುವವರು ಅಜಾನ್ ತುರ್ಕಿ ಭಾಷೆಯಲ್ಲೇ ಇರಲಿ ಎಂದರು; ತುರ್ಕಿಯಲ್ಲಿ ಕೂಗಲಾಯಿತು. 1950ರಲ್ಲಿ ಬೇರೆ ಪಕ್ಷ ಗೆದ್ದಿತು, ಅರಬ್ಬಿ ಮರಳಿತು. 2018ರ ಜನವರಿಯಲ್ಲಿ ಸೇನೆ ಸಿರಿಯಾದ ಆಫ್ರಿನ್‌ಗೆ ನುಗ್ಗಿದಾಗ ಮಸೀದಿಗಳಲ್ಲಿ ‘ಫತಹ್’, ಅಂದರೆ ವಿಜಯದ ಅಧ್ಯಾಯ, ಓದುವಂತೆ ದಿಯಾನೆತ್ ಸೂಚಿಸಿತು. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುತ್ತೇವೆ. ಸರ್ಕಾರದ ಮನೆಯಲ್ಲಿ ಉಂಡ ಇಮಾಮನಿಂದ ನಾವು ನಿರೀಕ್ಷಿಸುವುದಾದರೂ ಏನನ್ನು? ವಿರೋಧ ಪಕ್ಷದ ರಾಜಕೀಯ ಅವನಿಗೆ ನಿಷಿದ್ಧ. ಆಳುವವರ ರಾಜಕೀಯ ಅವನ ಕರ್ತವ್ಯ. ಇನ್ನು, ತೆರಿಗೆ ಕಟ್ಟುವ ಅಲ್ಪಸಂಖ್ಯಾತ ಅಲೆವಿ ಪಂಗಡದವರ ಪ್ರಾರ್ಥನಾ ಮಂದಿರಗಳಿಗೆ ಮಸೀದಿಯ ಸ್ಥಾನ ಕೊಡದ ಈ ವ್ಯವಸ್ಥೆಯಲ್ಲಿ ತಾರತಮ್ಯವಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲೇ ಹೇಳಿದೆ.

ಟರ್ಕಿಯ ಸುನ್ನಿಗಳಲ್ಲಿ, ನಮ್ಮ ದೇಶದ ಸುನ್ನಿಗಳಲ್ಲೂ, ಹೆಚ್ಚಿನವರು ಇಮಾಮ್ ಅಬೂ ಹನೀಫಾ ಅವರ ಪಂಥದವರು. ಖಲೀಫಾ ಮನ್ಸೂರ್ ಕೊಡಲು ಬಂದ ಖಾಜಿ ಪದವಿಯನ್ನು ಅವರು ಒಲ್ಲೆನೆಂದು ಸೆರೆವಾಸ ಅನುಭವಿಸಿದರೆಂದು ಪರಂಪರೆ ನೆನೆಯುತ್ತದೆ. ರೇಷ್ಮೆ ಬಟ್ಟೆಯ ವ್ಯಾಪಾರಿಯಾಗಿದ್ದ ಅವರು ಹೊಟ್ಟೆಪಾಡಿಗೆ ಅರಮನೆಯನ್ನು ನೆಚ್ಚಬೇಕಿರಲಿಲ್ಲ.

ಎಲ್ಲ ಇಮಾಮರಿಗೂ ಅಂಥ ಅನುಕೂಲವಿಲ್ಲ. ದಿನಕ್ಕೆ ಐದು ಹೊತ್ತು ನಮಾಜಿಗೆ ನಿಂತು, ಮಕ್ಕಳಿಗೆ ಕುರಾನ್ ಕಲಿಸಿ, ತಿಂಗಳ ಕೊನೆಗೆ ಮಸೀದಿ ಕಮಿಟಿಯವರ ಮುಖ ನೋಡುವ ಬಡ ಇಮಾಮರು ನಮ್ಮಲ್ಲಿ ಬಹಳ. ಅಖಿಲ ಭಾರತ ಇಮಾಮ್ ಸಂಘಟನೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಕೇಳಿಸಿಕೊಂಡದ್ದು ಇವರ ಅಳಲನ್ನೇ. ಇಮಾಮತಿ ಸ್ವಯಂಸೇವೆ, ಅದಕ್ಕೆ ಸಂಬಳವಿಲ್ಲ ಎಂಬ ವಕ್ಫ್ ಮಂಡಳಿಗಳ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆ ನ್ಯಾಯ ನನಗೆ ಸರಿಯೆನಿಸುತ್ತದೆ.

ತೊಡಕು ಶುರುವಾಗುವುದು ಹಣ ಖಜಾನೆಯಿಂದ ಬಂದಾಗ. ಪಶ್ಚಿಮ ಬಂಗಾಳದಲ್ಲಿ ಮಮತಾ ಬ್ಯಾನರ್ಜಿ 2012ರಲ್ಲಿ ಇಮಾಮರಿಗೆ ತಿಂಗಳಿಗೆ 2,500 ರೂಪಾಯಿ ಘೋಷಿಸಿದರು. ಮರುವರ್ಷ ಕಲ್ಕತ್ತಾ ಹೈಕೋರ್ಟ್ ಅದನ್ನು ಅಸಾಂವಿಧಾನಿಕ ಎಂದಿತು. ಬಳಿಕ ಹಣ ವಕ್ಫ್ ಮಂಡಳಿಯ ಮೂಲಕ ಹರಿಯಿತು. ವಿಧಾನಸಭಾ ಚುನಾವಣೆ ಹತ್ತಿರವಾದಾಗ, 2020ರಲ್ಲಿ, ಪುರೋಹಿತರಿಗೆ 1,000 ರೂಪಾಯಿ ಬಂತು. ನಮ್ಮ ಕರ್ನಾಟಕದ 2025ರ ಬಜೆಟ್ಟಿನಲ್ಲೂ ಜೈನ ಅರ್ಚಕರು, ಸಿಖ್ ಮುಖ್ಯ ಗ್ರಂಥಿಗಳು, ಪೇಶ್ ಇಮಾಮರ ಗೌರವಧನವನ್ನು 6,000 ರೂಪಾಯಿಗೆ ಏರಿಸಲಾಯಿತು. ಒಂದು ಪಕ್ಷ ಇದನ್ನು ಓಲೈಕೆ ಎಂದಿತು, ಇನ್ನೊಂದು ನ್ಯಾಯ ಎಂದಿತು. ಆ ಗದ್ದಲದಲ್ಲಿ ಇಮಾಮನೇ ಚುನಾವಣೆಯ ವಿಷಯವಾಗಿಬಿಟ್ಟ. ರಾಜಕೀಯದಿಂದ ದೂರವಿಡುವ ರೀತಿಯೇ ಇದು?

ಇಮಾಮರಿಗೆ ಘನತೆಯ ಸಂಬಳ ಸಿಗಬೇಕು. ಅದು ವಕ್ಫ್ ಆಸ್ತಿಯ ಆದಾಯದಿಂದ, ಆ ಆಸ್ತಿಗಳ ಬಾಡಿಗೆಯನ್ನು ಇಂದಿನ ದರದಲ್ಲಿ ವಸೂಲು ಮಾಡಿ, ಲೆಕ್ಕವನ್ನು ಜಮಾತಿನ ಮುಂದಿಟ್ಟು, ನೇಮಕಾತಿ ಪತ್ರದೊಂದಿಗೆ ಬರಬೇಕು. ನಾಗರಿಕನಾಗಿ ಇಮಾಮ ಮತ ಹಾಕಲಿ, ಮಸೀದಿಯ ಹೊಣೆ ಬಿಟ್ಟು ಬಂದು ಚುನಾವಣೆಗೂ ನಿಲ್ಲಲಿ. ಶುಕ್ರವಾರದ ಖುತ್ಬಾ ಪ್ರವಚನದಲ್ಲಿ ಮಾತ್ರ ಪಕ್ಷದ ಹೆಸರು ಬೇಡ. ಧಾರ್ಮಿಕ ಸಂಸ್ಥೆಗಳ ಜಾಗವನ್ನೂ ಹಣವನ್ನೂ ರಾಜಕೀಯಕ್ಕೆ ಬಳಸಬಾರದೆಂಬ ಕಾನೂನು 1988ರಿಂದಲೇ ನಮ್ಮಲ್ಲಿದೆ. ಅದು ಮಸೀದಿಗೆಷ್ಟೋ ಮಠಕ್ಕೂ, ದೇವಸ್ಥಾನಕ್ಕೂ, ಚರ್ಚಿಗೂ ಅಷ್ಟೇ ಅನ್ವಯ. ಸರ್ಕಾರ ಹೊಸ ಗೌರವಧನ ಘೋಷಿಸುವ ಮೊದಲು ಈ ಕಾನೂನನ್ನು ಎಲ್ಲರ ಮೇಲೂ ಒಂದೇ ಸಮನೆ ಜಾರಿಗೆ ತರಲಿ.