ಗರಿಯಲ್ಲಿ ಸೀಸ: ಬಣ್ಣದ ನಕ್ಷೆಯನ್ನು ಎಷ್ಟು ನಂಬಬೇಕು?

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಜಲಾಶಯ ಪಕ್ಷಿಧಾಮವೂ ಹೌದು, ಗದ್ದೆಗಳಿಗೆ ನೀರುಣಿಸುವ ಆಸರೆಯೂ ಹೌದು. ಹೀಗಾಗಿ ಅಲ್ಲಿಯ ಚಮಚಕೊಕ್ಕಿನ ಹಕ್ಕಿಯ ಮೈಯಲ್ಲಿ ವಿಷಲೋಹ ಸೇರಿದೆಯೇ ಎಂಬ ಪ್ರಶ್ನೆ ಪಕ್ಷಿಪ್ರೇಮಿಗಳದ್ದಷ್ಟೇ ಅಲ್ಲ, ರೈತರದೂ ಆಗಿದೆ. ಆದರೆ ಇಂಥ ಪ್ರಶ್ನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಬಣ್ಣದ ಚಿತ್ರವೊಂದನ್ನೇ ಅಂತಿಮ ಸಾಕ್ಷ್ಯವೆಂದು ಹಿಡಿದೆತ್ತುವುದು ಪರಿಸರ ಚಳವಳಿಗೇ ಅಪಾಯ.

ವಿಧಾನವೇನೋ ಸೊಗಸಾದುದು. ಎಲೆಕ್ಟ್ರಾನುಗಳು ಬಡಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಕ್ಷ-ಕಿರಣಗಳನ್ನು ಹೊಮ್ಮಿಸುತ್ತದೆ. ಫ್ರಾನ್ಸಿನ ರೇಮಂಡ್ ಕಾಸ್ತೇನ್ 1951ರ ತಮ್ಮ ಪ್ರಬಂಧದಲ್ಲಿ ಈ ವಿಶ್ಲೇಷಣೆಗೆ ಬುನಾದಿ ಹಾಕಿದರು. ಅಂಗಾಂಶದ ಮೇಲೆ ಕಿರಣವನ್ನು ಬಿಂದುಬಿಂದುವಾಗಿ ಸರಿಸಿದರೆ ಯಾವ ಧಾತು ಎಲ್ಲಿದೆಯೆಂಬ ನಕ್ಷೆ ಮೂಡುತ್ತದೆ. ಸೀಸದ ವಿಷವೇರಿದಾಗ ಅದು ಮೂತ್ರಪಿಂಡದ ಕೋಶಕೇಂದ್ರಗಳಲ್ಲಿ ಗುಂಪುಗಟ್ಟುತ್ತದೆ. ಇದನ್ನು ನೀರಿನ ಪರೀಕ್ಷೆ ಎಂದಿಗೂ ತೋರಿಸಲಾರದು.

ತೊಡಕಿರುವುದು ಗರಿಯಲ್ಲಿ. ಗರಿ ಕೆರಾಟಿನ್‌ನಿಂದಾದುದು, ಕೆರಾಟಿನ್‌ನಲ್ಲಿ ಗಂಧಕ ಧಾರಾಳ. ಗಂಧಕದ ಕ್ಷ-ಕಿರಣದ ಶಕ್ತಿ 2.31 ಕಿಲೋ ಎಲೆಕ್ಟ್ರಾನ್ ವೋಲ್ಟ್, ಸೀಸದ ಒಂದು ಪ್ರಮುಖ ಕಿರಣದ್ದು 2.34. ಸಾಮಾನ್ಯ ಶೋಧಕಕ್ಕೆ ಇವೆರಡೂ ಒಂದೇ ಶಿಖರ. ಗಣಕಯಂತ್ರ ಅದಕ್ಕೆ ಸೀಸವೆಂದು ಹೆಸರಿಟ್ಟರೆ ಆರೋಗ್ಯವಂತ ಹಕ್ಕಿಯ ಗರಿಯೂ ಸೀಸಮಯ! ಸೀಸದ ಇನ್ನೊಂದು ಶಿಖರ 10.55ರಲ್ಲಿದೆ, ಅಲ್ಲಿಯೂ 10.54ರಲ್ಲಿ ಆರ್ಸೆನಿಕ್ ಕಾದು ಕುಳಿತಿದೆ. ಸಾಲದ್ದಕ್ಕೆ ಪ್ರಯೋಗಾಲಯದ ಸಿದ್ಧತೆಯೇ ಲೋಹ ತರುವುದುಂಟು. ಅಂಗಾಂಶವನ್ನು ಕೆಡದಂತಿಡುವಾಗ ಬಳಸುವ ಕ್ಯಾಕೋಡಿಲೇಟ್ ದ್ರಾವಣದಲ್ಲಿ ಆರ್ಸೆನಿಕ್ ಇದೆ. ಛಾಯೆಗೆಂದು ಹಚ್ಚುವುದು ಸೀಸದ ಸಿಟ್ರೇಟ್.

ಇದಕ್ಕೆ ತಿರುವುಮುರುವಾದ ಮೋಸವೂ ಇದೆ. ತೂಕದಲ್ಲಿ ಸಾವಿರಕ್ಕೆ ಸುಮಾರು ಒಂದು ಭಾಗಕ್ಕಿಂತ ಕಡಿಮೆಯಿರುವ ಧಾತು ಈ ಶೋಧಕಕ್ಕೆ ಸಾಮಾನ್ಯವಾಗಿ ಕಾಣದು. ಹಕ್ಕಿಯನ್ನು ಕೊಲ್ಲಲು ಯಕೃತ್ತಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಸೀಸ ಸಾಕು. ನಕ್ಷೆಯಲ್ಲಿ ಏನೂ ಇಲ್ಲವೆಂದು ಯಾವ ಉದ್ಯಮವಾದರೂ ಕೈತೊಳೆದುಕೊಂಡರೆ ಅದನ್ನೂ ಒಪ್ಪಬೇಕಿಲ್ಲ.

ಆದುದರಿಂದ ಮೊದಲು ಮಾದರಿಯನ್ನು ಆಮ್ಲದಲ್ಲಿ ಕರಗಿಸಿ ಐಸಿಪಿ-ಎಂಎಸ್‌ನಂಥ ವಿಧಾನದಿಂದ ಪ್ರಮಾಣ ಅಳೆಯಿಸಬೇಕು. ಲೋಹ ಎಲ್ಲಿ ನೆಲೆಸಿದೆಯೆಂಬ ಪ್ರಶ್ನೆ ಉಳಿದರೆ ಮಾತ್ರ ಸೂಕ್ಷ್ಮದರ್ಶಕಕ್ಕೆ ಹೋಗಬೇಕು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗಳ ಉಪಕರಣ ಕೇಂದ್ರಗಳಲ್ಲಿ ವಿಚಾರಿಸಲು ವಿದ್ಯಾರ್ಥಿಗಳು ಹಿಂಜರಿಯಬೇಕಿಲ್ಲ. ಪಕ್ಷಿಧಾಮದೊಳಗಿನ ಗರಿಯನ್ನು ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಎತ್ತಕೂಡದು. ವರದಿ ಬಂದಾಗ ಬಣ್ಣದ ಪುಟದೊಡನೆ ಶಿಖರಗಳ ಮೂಲ ರೇಖಾಪಟವನ್ನೂ, ಮಾದರಿಗೆ ಹಚ್ಚಿದ ರಾಸಾಯನಿಕಗಳ ಪಟ್ಟಿಯನ್ನೂ ಕೇಳಿ ಪಡೆಯಬೇಕು.