ಬಟ್ಟೆಯ ಹಗ್ಗದ ಪರವಾಗಿ

ನಾವು ವಾಸಿಸುವ ಬಹುಮಹಡಿ ಕಟ್ಟಡದ ಸೂಚನಾಫಲಕದಲ್ಲಿ ಕೆಲವು ತಿಂಗಳ ಹಿಂದೆ ಒಂದು ಪ್ರಕಟಣೆ ಕಾಣಿಸಿಕೊಂಡಿತು. ಬಾಲ್ಕನಿಯಲ್ಲಿ ಹಗ್ಗ ಕಟ್ಟಿ ಬಟ್ಟೆ ಒಣಹಾಕುವುದರಿಂದ ಕಟ್ಟಡದ ಅಂದ ಕೆಡುವುದೆಂದೂ, ಒಣಗಿಸುವ ಯಂತ್ರವನ್ನು ಬಳಸುವುದು ಲೇಸೆಂದೂ ಅದರಲ್ಲಿ ಬರೆದಿತ್ತು. ಅಂದಚೆಂದದ ವಿಚಾರವನ್ನು ರಸಿಕರಿಗೆ ಬಿಡೋಣ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಮೂಡಿದ ಪ್ರಶ್ನೆಯೇ ಬೇರೆ: ಹಗ್ಗವು ಮಾಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ತೆರಬೇಕಾದ ಬೆಲೆ ಎಷ್ಟು?

ಲೆಕ್ಕ ಕಠಿನವಾದುದಲ್ಲ. 5 ಕಿಲೋಗ್ರಾಂ ಬಟ್ಟೆಯನ್ನು ಒಗೆದು, ಯಂತ್ರದಲ್ಲಿ ಹಿಂಡಿದ ಮೇಲೆಯೂ ಅದರಲ್ಲಿ ಸುಮಾರು 3 ಕಿಲೋಗ್ರಾಂ ನೀರು ಉಳಿದಿರುತ್ತದೆ ಎನ್ನೋಣ. ಸಾಧಾರಣ ಉಷ್ಣತೆಯಲ್ಲಿ 1 ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಗುಪ್ತೋಷ್ಣ ಬೇಕು. ಮೂರು ಕಿಲೋಗ್ರಾಮಿಗೆ 7,200 ಕಿಲೋಜೌಲ್. ಎಂದರೆ ಸರಿಯಾಗಿ 2 ಯೂನಿಟ್ ವಿದ್ಯುತ್ತು. ಇದರ ಜೊತೆಗೆ ಬಟ್ಟೆ ಹಿಂಡುವ ಕೆಲಸವನ್ನು ಹೋಲಿಸಿ ನೋಡಿ. 500 ವಾಟ್ ಸಾಮರ್ಥ್ಯದ ಮೋಟಾರು 10 ನಿಮಿಷ ತಿರುಗಿದರೆ ಒಂದು ಯೂನಿಟ್ಟಿನ ಹನ್ನೆರಡನೆಯ ಒಂದು ಪಾಲು ಮಾತ್ರ ವೆಚ್ಚವಾಗುತ್ತದೆ. ನೀರನ್ನು ಹಿಂಡಿ ತೆಗೆಯುವುದು ಅಗ್ಗ, ಆವಿಯಾಗಿಸಿ ತೆಗೆಯುವುದು ದುಬಾರಿ. ಆದುದರಿಂದ ಚೆನ್ನಾಗಿ ಹಿಂಡಬೇಕೆಂಬುದು ಮೊದಲನೆಯ ಪಾಠ.

ಈ 2 ಯೂನಿಟ್ಟುಗಳು ಎಲ್ಲಿಂದ ಬರುತ್ತವೆ? ರಾಯಚೂರಿನಂಥ ಉಷ್ಣವಿದ್ಯುತ್ ಸ್ಥಾವರದಿಂದ ಬಂದರೆ, ಅಲ್ಲಿ ಕಲ್ಲಿದ್ದಲಿನ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ವಿದ್ಯುತ್ತಾಗುತ್ತದೆ. ಎಂದರೆ ನಮ್ಮ ಒಂದು ಸಲದ ಬಟ್ಟೆ ಒಣಗಲು ಒಂದು ಕಿಲೋಗ್ರಾಮಿಗೂ ಹೆಚ್ಚು ಕಲ್ಲಿದ್ದಲು ಉರಿಯಬೇಕು. ಕಲ್ಲಿದ್ದಲನ್ನು ಸುಟ್ಟು ಅಲ್ಲಿ ನೀರನ್ನು ಆವಿ ಮಾಡುವುದು, ಆ ಆವಿಯಿಂದ ವಿದ್ಯುತ್ತನ್ನು ಪಡೆಯುವುದು, ಆ ವಿದ್ಯುತ್ತಿನಿಂದ ಇಲ್ಲಿ ಮತ್ತೆ ನೀರನ್ನು ಆವಿ ಮಾಡುವುದು! ಹೊರಗೆ ಬಿಸಿಲು ಕಾಯುತ್ತಿರುವಾಗ ಇದೆಂಥ ಜಾಣತನ?

ಹಗ್ಗದ ಮೇಲಿನ ಬಟ್ಟೆಗೂ ಅಷ್ಟೇ ಶಾಖ ಬೇಕು. ಆದರೆ ಅದನ್ನು ಬಿಸಿಲೂ ಸುತ್ತಲಿನ ಗಾಳಿಯೂ ಕೊಡುತ್ತವೆ. ಒದ್ದೆ ಬಟ್ಟೆ ಮುಟ್ಟಿದರೆ ತಣ್ಣಗಿರುವುದೇ ಅದು ಶಾಖವನ್ನು ಹೀರುತ್ತಿರುವುದಕ್ಕೆ ಸಾಕ್ಷಿ. ಬೀಸುವ ಗಾಳಿ ಬಟ್ಟೆಯ ಬಳಿಯ ತೇವದ ಗಾಳಿಯನ್ನು ಒಯ್ದು, ಒಣ ಗಾಳಿಗೆ ಎಡೆಮಾಡಿಕೊಡುತ್ತದೆ. ಮಡಿಕೆಯಾಗಿ ಹಾಕದೆ ಅಗಲವಾಗಿ ಹರಡಬೇಕೆಂದು ಮನೆಯ ಹಿರಿಯರು ಹೇಳುವುದರ ಮರ್ಮ ಇದೇ.

ಮಳೆಗಾಲದಲ್ಲಿ ಏನು ಗತಿ ಎಂದು ಮಲೆನಾಡಿನ, ಕರಾವಳಿಯ ವಾಚಕರು ಕೇಳಬಹುದು. ಆಕ್ಷೇಪ ನ್ಯಾಯವಾದುದೇ. ಆರ್ದ್ರತೆ ಹೆಚ್ಚಿದಾಗ ಬಟ್ಟೆ ಬೇಗ ಆರುವುದಿಲ್ಲ. ಆಗ ಗಾಳಿಯಾಡುವ ಕೋಣೆಯಲ್ಲಿ ಬಿದಿರಿನ ಗಳದ ಮೇಲೆ ಹರಡಿ, 60 ವಾಟಿನ ಪಂಖವನ್ನು 5 ಗಂಟೆ ತಿರುಗಿಸಿದರೂ ಖರ್ಚು 0.3 ಯೂನಿಟ್ ಮಾತ್ರ. ಶಾಖವನ್ನು ಮರಳಿ ಬಳಸಿ, ಕಡಮೆ ವಿದ್ಯುತ್ತಿನಲ್ಲಿ ಒಣಗಿಸುವ ಯಂತ್ರಗಳೂ ಈಗ ಇವೆ. ರೋಗಿಗಳಿರುವ ಅಥವಾ ಬಿಸಿಲೇ ಬೀಳದ ಮನೆಗೆ ಅವು ಬೇಕಾಗಬಹುದು. ನಮ್ಮ ವಿರೋಧ ಯಂತ್ರಕ್ಕಲ್ಲ, ಹಗ್ಗವನ್ನು ನಿಷೇಧಿಸುವುದಕ್ಕೆ.

ಒಗೆಯುವ ನೀರಿಗೂ ಇದೇ ತರ್ಕ ಅನ್ವಯಿಸುತ್ತದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು. ದಿನಬಳಕೆಯ ಬಟ್ಟೆಗೆ ತಣ್ಣೀರೇ ಸಾಕು. ಕಾಯಿಲೆಯವರ ಬಟ್ಟೆಗೆ ಮಾತ್ರ ಬಿಸಿನೀರು ಇರಲಿ.

ವಿದ್ಯಾರ್ಥಿಮಿತ್ರರು ನಮ್ಮ ಮಾತನ್ನು ಸುಮ್ಮನೆ ನಂಬಬೇಕಾಗಿಲ್ಲ. ಒಂದು ಒಣಗಿದ ಟವಲನ್ನು ತೂಗಿ ನೋಡಿ. ನೆನೆಸಿ ಹಿಂಡಿ ಮತ್ತೆ ತೂಗಿ. ಹಗ್ಗದ ಮೇಲೆ ಹರಡಿ ಗಂಟೆಗೊಮ್ಮೆ ತೂಗುತ್ತ ಹೋಗಿ. ಕಳೆದುಹೋದ ಪ್ರತಿ ಗ್ರಾಮಿಗೂ 2,400 ಜೌಲ್ ಲೆಕ್ಕ ಹಾಕಿ. ಆ ಅಂಕಿಗಳನ್ನು ಬರೆದು ನಿಮ್ಮ ಕಟ್ಟಡದ ಸೂಚನಾಫಲಕಕ್ಕೆ ಅಂಟಿಸಿರಿ. ಬಾಲ್ಕನಿ ಬೇಡವೆಂದಾದರೆ ತಾರಸಿಯನ್ನಾದರೂ ತೆರೆದುಕೊಡಿರೆಂದು ಕೇಳಿರಿ. ನಾವೂ ಹಾಗೆಯೇ ಕೇಳಿದ್ದೇವೆ, ಉತ್ತರವನ್ನು ಎದುರುನೋಡುತ್ತಿದ್ದೇವೆ.