ಬೋರ್ಡು ಕನ್ನಡವಾಯಿತು, ಪಟ್ಟಿ ಯಾವಾಗ?

ಊರಿನ ಸಮಾಚಾರವೆಲ್ಲ ಮೊದಲು ಕ್ಷೌರದಂಗಡಿಗೆ ಬರುತ್ತದೆ ಅನ್ನುತ್ತಾರೆ. ಸುಳ್ಳು. ಪ್ರೆಸ್ಸಿಗೆ ಬರುತ್ತದೆ! ಯಾರ ಮನೆಯಲ್ಲಿ ಲಗ್ನ, ಯಾರದು ಶಿವಗಣಾರಾಧನೆ, ಯಾವ ಪಾಲುದಾರರು ಬೇರೆಯಾಗಿ ಹೊಸ ಬಿಲ್ ಬುಕ್ ಮಾಡಿಸಿದರು, ಎಲ್ಲವೂ ಸಿಂಧನೂರಿನ ನನ್ನ ಮೇಜಿನ ಮೇಲೆ ಹಾದು ಹೋಗಬೇಕು.

ಪಿಯುಸಿ ಮುಗಿಸಿ ಅಪ್ಪನ ಜೊತೆ ಕೂತಾಗ ನಮ್ಮಲ್ಲಿ ಇನ್ನೂ ಟ್ರೆಡಲ್ ಯಂತ್ರವಿತ್ತು. ಅಚ್ಚುಮೊಳೆಗಳನ್ನು ಒಂದೊಂದೇ ಎತ್ತಿ ಜೋಡಿಸಬೇಕು. ಇಂಗ್ಲಿಷಿಗೆ ಅಕ್ಷರ ಕಡಿಮೆ. ಕನ್ನಡಕ್ಕೆ ಗುಣಿತ, ಒತ್ತು ಎಂದು ಗೋಡೆ ತುಂಬಾ ಕೇಸುಗಳು. ಗಿರಾಕಿ ‘ಇಂಗ್ಲಿಷಿನಲ್ಲೇ ಇರಲಿ’ ಅಂದರೆ ಅಪ್ಪನಿಗೆ ಅರ್ಧ ಕೆಲಸ ಉಳಿಯುತ್ತಿತ್ತು. ಈಗ ಕಂಪ್ಯೂಟರಿಗೆ ಎರಡೂ ಒಂದೇ, ನನ್ನ ರೇಟೂ ಒಂದೇ. ಹಾಗಿದ್ದರೆ ಕನ್ನಡದ ಕೆಲಸ ಹೆಚ್ಚಬೇಕಿತ್ತಲ್ಲ?

ಲಗ್ನಪತ್ರಿಕೆಯಲ್ಲಿ ಕನ್ನಡ ಗಟ್ಟಿಯಾಗಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನೋಡಿ ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡವರ ಮಕ್ಕಳೂ ಒಂದು ಮಗ್ಗುಲು ತೆಲುಗು, ಇನ್ನೊಂದು ಮಗ್ಗುಲು ಕನ್ನಡ ಹಾಕಿಸುತ್ತಾರೆ. ಅವರ ಮೇಲೆ ನನ್ನ ತಕರಾರಿಲ್ಲ. ತಕರಾರು ನಮ್ಮವರ ಮೇಲೆ.

ಕೆಲವು ವರ್ಷಗಳ ಹಿಂದೆ ದಲಾಲಿ ಅಂಗಡಿಯವರೊಬ್ಬರು ಪಟ್ಟಿ ಪುಸ್ತಕ ಮಾಡಿಸಲು ಬಂದರು. ಅಚ್ಚ ಕನ್ನಡಿಗರು, ನವೆಂಬರ್ ಒಂದಕ್ಕೆ ಹಳದಿ-ಕೆಂಪು ಶಾಲು ಹೊದೆಯುವವರು. ರೈತರ ಕೈಗೆ ಹೋಗುವ ಪಟ್ಟಿ ತಾನೇ, ಕನ್ನಡದಲ್ಲಿ ಮಾಡೋಣ ಎಂದು ಮಾದರಿ ತೆಗೆದು ತೋರಿಸಿದೆ. “ಬ್ಯಾಡ ತಮ್ಮಾ, ಇಂಗ್ಲಿಷಿನ್ಯಾಗ ಇರ್ಲಿ. ಕನ್ನಡದಾಗ ಹಾಕಿದ್ರ ಸಾಲಿಗೊಂದು ಪ್ರಶ್ನಿ ಕೇಳ್ತಾರ” ಅಂದರು, ನಗುತ್ತಾ. ಇಂಗ್ಲಿಷಿನದನ್ನೇ ಒಯ್ದರು.

ಭತ್ತದ ಸುಗ್ಗಿಯಲ್ಲಿ ಆ ಪುಸ್ತಕದ ಒಂದು ಹಾಳೆ ನನ್ನ ಹತ್ತಿರವೇ ತಿರುಗಿ ಬಂತು. ಮಸ್ಕಿ ಕಡೆಯ ಮುದುಕರೊಬ್ಬರು ಅದನ್ನು ಚಾಚಿ “ಏನೇನ್ ಹಿಡದಾರ, ಓದಪಾ” ಅಂದರು. ಓದಿದೆ. ಹಮಾಲಿ, ತೂಕದ ಕೂಲಿ, ಆಮೇಲೆ ಮುಂಗಡ, ಅದರ ಬಡ್ಡಿ. “ಮುಂಗಡನಾ? ಅದನ್ನ ಯುಗಾದಿಗೇ ಮುಟ್ಟಿಸೀನಲ್ಲೋ!” ಎಂದು ಎದ್ದರು. ನಾನೂ ಜೊತೆಗೆ ಹೋದೆ. ಅಂಗಡಿಯಲ್ಲಿ ಖಾತೆ ತೆಗೆದು ನೋಡಿದರೆ ರೊಕ್ಕ ಜಮಾ ಆಗಿತ್ತು, ಪಟ್ಟಿಯಲ್ಲಿ ಮಾತ್ರ ಮತ್ತೊಮ್ಮೆ ಮುರಿದುಕೊಂಡಿದ್ದರು. ಗುಮಾಸ್ತನ ಕೈತಪ್ಪು ಎಂದರು. ಇರಬಹುದು. ಅವತ್ತು ಎಷ್ಟು ರೈತರ ಪಟ್ಟಿಯಲ್ಲಿ ಕೈ ತಪ್ಪಿತ್ತೋ, ಓದಿಸಿಕೊಂಡವರು ಒಬ್ಬರೇ!

ಇದು ಹೊಸ ರೋಗವೇ ಸ್ವಾಮಿ? ನಮ್ಮ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಕೈಯಲ್ಲಿತ್ತು, 1956ರ ನವೆಂಬರ್ 1ಕ್ಕೆ ಕನ್ನಡನಾಡನ್ನು ಸೇರಿತು. ನಿಜಾಮನ ಕಚೇರಿಯ ಭಾಷೆ ಉರ್ದು. ಲಿಂಗಸುಗೂರು ತಾಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜ ಆ ಕಾಲದಲ್ಲಿ ಒಂದು ಉರ್ದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದ. ಹೊಲ ಅಡವು ಇಟ್ಟಿದ್ದೇವೆ, ಸಾಲ ತೀರಿಸಿದರೆ ಬಿಟ್ಟುಕೊಡುತ್ತಾರೆ ಎಂದು ಅಜ್ಜಿ ಸಾಯುವತನಕ ನಂಬಿದ್ದಳು. ಕಾಗದ ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗಿತ್ತು. ಅವಳು ಹೋದ ಮೇಲೆ ಅಪ್ಪ ಅದನ್ನು ಒಬ್ಬ ಹಳೆಯ ಉರ್ದು ಮಾಸ್ತರರಿಂದ ಓದಿಸಿದ. ಮಾಸ್ತರರು ಎರಡು ಸಲ ಓದಿ, ಕನ್ನಡಕ ತೆಗೆದು, “ಇದು ರಹನ್ ಅಲ್ಲಪಾ, ಬೈನಾಮಾ” ಅಂದರು. ಅಡವಲ್ಲ, ಕ್ರಯಪತ್ರ! ನಮಗಿಂತ ಅವರೇ ಹೆಚ್ಚು ನೊಂದುಕೊಂಡರು.

ಇದನ್ನು ಹೇಳಿದರೆ ಕೆಲವರು ಉರ್ದುವಿನ ಮೇಲೆ ಹಾರಾಡುತ್ತಾರೆ. ನನಗೆ ಆ ಸಿಟ್ಟಿಲ್ಲ. ರಸೀದಿ, ಅರ್ಜಿ, ಜಮೀನು, ತಕರಾರು, ಎಲ್ಲ ಆ ದಾರಿಯಲ್ಲೇ ಬಂದ ಮಾತುಗಳು. ನಮ್ಮ ಬಾಯಿಗೆ ಬಿದ್ದು ಕನ್ನಡವೇ ಆಗಿವೆ. ನಾನು ಕೇಳುವುದು ‘ಸದರಿ ಬಾಬ್ತು ಮೇಲ್ಕಾಣಿಸಿದ ಮೇರೆಗೆ’ ಎಂಬ ಕಚೇರಿ ಕನ್ನಡವನ್ನೂ ಅಲ್ಲ. ಅದೂ ರೈತನಿಗೆ ಉರ್ದುವಿನಷ್ಟೇ ದೂರ.

ನಮ್ಮ ಮಸ್ಕಿಯ ಅಶೋಕನ ಶಾಸನವನ್ನೇ ನೋಡಿ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದದ್ದು, ‘ಅಶೋಕ’ ಎಂಬ ಹೆಸರು ಇರುವುದರಿಂದ ಲೋಕಪ್ರಸಿದ್ಧವಾದದ್ದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಆದರೂ ಸಣ್ಣವರಿಗೂ ದೊಡ್ಡವರಿಗೂ ಇದನ್ನು ತಿಳಿಸಿ ಹೇಳಬೇಕು ಎಂಬ ಆಜ್ಞೆ ಆ ಬಂಡೆಯ ಮೇಲೇ ಇದೆ. ಆ ರಾಜನಿಗಿದ್ದ ಕಾಳಜಿ ನಮ್ಮ ಸಾಲ ಕೊಡುವವರಿಗೆ ಬೇಡವೇ?

ವಾರದ ಕಂತಿನ ಸಾಲ ತೆಗೆದ ತಾಯಂದಿರು ನನ್ನಲ್ಲಿಗೆ ಜೆರಾಕ್ಸಿಗೆ ಬರುತ್ತಾರೆ. ಎಷ್ಟೋ ಕಾಗದ ಪೂರಾ ಇಂಗ್ಲಿಷ್, ಕೆಳಗೆ ಕನ್ನಡದ ಸಹಿ. ಕಿರುಸಾಲದ ಕರಾರು, ಸಾಲದ ಕಾರ್ಡಿನ ಬರಹ ಸಾಲಗಾರರಿಗೆ ತಿಳಿಯುವ ಭಾಷೆಯಲ್ಲೇ ಇರಬೇಕು ಎಂದು ರಿಸರ್ವ್ ಬ್ಯಾಂಕು 2022ರ ಮಾರ್ಚ್‌ನಲ್ಲೇ ನಿರ್ದೇಶನ ಹೊರಡಿಸಿದೆ. “ನಿಯಮ ಐತೆವ್ವ, ಕೇಳು” ಅಂದರೆ “ಕೇಳಿದ್ರ ಸಾಲ ಕೊಡಾಂಗಿಲ್ಲ ಅಣ್ಣಾ” ಅನ್ನುತ್ತಾರೆ. ಒಬ್ಬೊಬ್ಬರೇ ಕೇಳಿದರೆ ಹಾಗೇ ಆಗುತ್ತದೆ. ಇಡೀ ಓಣಿಯೇ ಹೋಗಿ ಕೇಳಬೇಕು, ಜೊತೆಗೆ ನೀವಿರಬೇಕು.

ಹೋರಾಟದ ಗೆಳೆಯರೇ, ಬೋರ್ಡಿಗಾಗಿ ಬೀದಿಗಿಳಿದಿರಿ. 2024ರಲ್ಲಿ ಕಾನೂನು ಬಿಗಿಯಾಗಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದಾಯಿತು. ಸಂತೋಷ. ಆದರೆ ಬೋರ್ಡಿಗೆ ಯಾರೂ ಹೆಬ್ಬೆಟ್ಟು ಒತ್ತುವುದಿಲ್ಲ. ಇನ್ನು ಅಂಗಡಿಯ ಒಳಗೆ ಬನ್ನಿ, ಗಲ್ಲೆಯ ಮೇಲಿನ ಪುಸ್ತಕ ತಿರುವಿ ನೋಡಿ. ನವೆಂಬರಿನಲ್ಲಿ ಧ್ವಜ ಏರಿಸಿದ ಮೇಲೆ ಹೇಗೂ ಗಂಜಿಗೆ ಭತ್ತ ಬರುವ ಹೊತ್ತು. ಕನ್ನಡದ ಮಾದರಿ ಪಟ್ಟಿ ನನ್ನಲ್ಲಿ ಸಿದ್ಧವಿದೆ: ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಯಾವುದಕ್ಕೆ ಎಷ್ಟು ಮುರಿದರು, ಕೈಗೆ ಎಷ್ಟು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಯಾವ ಅಂಗಡಿಯವರು ಬಂದರೂ ಕಾಗದ, ಮಸಿಯ ಖರ್ಚು ಕೊಟ್ಟರೆ ಸಾಕು. ಜೋಡಣೆಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.